ಹತ್ತಿರದ ಸ್ವರ ಹುಡುಕು, ಪುಟ್ಟಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಸ್ಟೀಲ್ ಗಿಟಾರ್ ನುಡಿಸಿ ಕಳಿಸಿದ ರೆಕಾರ್ಡಿಂಗ್ ನಿನ್ನೆ ರಾತ್ರಿ ಮೂರು ಸಲ ಕೇಳಿದೆ. ಶ್ರುತಿ ಚೆನ್ನಾಗಿ ನಿಂತಿದೆ. ತಂತಿಯ ಮೇಲೆ ಜಾರಿಸುವ ಉಕ್ಕಿನ ಬಾರ್ ಫ್ರೆಟ್ಟಿನ ಗೆರೆಯ ಮೇಲೇ ಸರಿಯಾಗಿ ಕೂರುತ್ತಿದೆ. ಮಾಮೂಲಿ ಗಿಟಾರ್ ನುಡಿಸಿ ಬಂದವರಿಗೆ ಇದು ಇಷ್ಟು ಬೇಗ ಬರುವುದಿಲ್ಲ. ಆದರೆ ಕಾರ್ಡ್, ಅಂದರೆ ಹಾಡಿನ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾದಾಗಲೆಲ್ಲ ನೀನು ಮತ್ತೆ ದಪ್ಪ ತಂತಿಗೇ ಹೋಗಿ ಶುರು ಮಾಡುತ್ತೀಯ. 12ನೇ ಫ್ರೆಟ್ಟಿನಲ್ಲಿ ಸಿ ಕಾರ್ಡಿನ ಸ್ವರಗಳು ಸಿ-ಇ-ಜಿ, ಆಮೇಲೆ 5ಕ್ಕೆ ಓಡಿ ಎಫ್ ಕಾರ್ಡಿನ ಎಫ್-ಎ-ಸಿ, 7ಕ್ಕೆ ಓಡಿ ಜಿ ಕಾರ್ಡಿನ ಜಿ-ಬಿ-ಡಿ. ಕಾರ್ಡಿನ ಸ್ವರಗಳನ್ನು ಹೀಗೆ ಒಂದೊಂದಾಗಿ ಬಿಡಿಸಿ ನುಡಿಸುವ ಆರ್ಪೆಜಿಯೊ ಒಂದೂ ತಪ್ಪಿಲ್ಲ. ಆದರೂ ಮಗ್ಗಿ ಒಪ್ಪಿಸಿದ ಹಾಗಿದೆ, ಅಲ್ವಾ?

ನಾನೂ ವರ್ಷಗಟ್ಟಲೆ ಹಾಗೇ ನುಡಿಸಿದವನು. ಆರ್ಕೆಸ್ಟ್ರಾದಲ್ಲಿದ್ದಾಗ ಒಂದು ಆರತಕ್ಷತೆಯ ಕಾರ್ಯಕ್ರಮವನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ಮನೆಗೆ ತಂದು ಕೇಳಿದೆ. ಹಾಡು ಮುಂದೆ ಹೋಗುತ್ತಿದೆ, ನಾನು ಮಾತ್ರ ಪ್ರತಿ ಸಲ ಹೊಸಿಲಿಗೆ ವಾಪಸು ಬಂದು ನಿಲ್ಲುತ್ತಿದ್ದೇನೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಚಿಕ್ಕಂದಿನಲ್ಲಿ ನೀನು ದಾಟು ವರಸೆ ಹಾಡಿದವಳು. ನಡುವೆ ಸ್ವರ ಬಿಟ್ಟು ಹಾರುವುದು ನಿನ್ನ ಗಂಟಲಿಗೆ ಗೊತ್ತು. ಆದರೆ ಅಲ್ಲಿ ತಂಬೂರಿ ಒಂದೇ ಷಡ್ಜವನ್ನು ಕೊನೆತನಕ ಹಿಡಿದಿರುತ್ತದೆ. ಇಲ್ಲಿ ಕಾರ್ಡ್ ಬದಲಾದಂತೆ ಕಾಲಡಿಯ ನೆಲವೇ ಸರಿಯುತ್ತಾ ಇರುತ್ತದೆ. ಅದು ಸರಿಯುವ ಹೊತ್ತಿಗೆ ನಿನ್ನ ಕೈ ಎಲ್ಲಿದೆಯೋ, ಅಲ್ಲಿಗೆ ಹತ್ತಿರದ ಸ್ವರ ಯಾವುದು ಅಂತ ನೋಡು. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು!

ಈಗಲೇ ಗಿಟಾರ್ ತೊಡೆಯ ಮೇಲಿಟ್ಟುಕೋ. ನಿನ್ನದು ಸಿ6 ಶ್ರುತಿ, ತೆಳು ತಂತಿಯಿಂದ ಇ, ಸಿ, ಎ, ಜಿ, ಇ, ಸಿ. ಬಾರ್ 12ರಲ್ಲಿರಲಿ. ಸಿ ಕಾರ್ಡ್ ನಡೆಯುವಾಗ ಒಂದನೇ ತಂತಿಯ ಇ ಮೇಲೆ ನಿಲ್ಲು. ಎಫ್ ಬಂದ ಕೂಡಲೇ ಬಾರನ್ನು ಒಂದೇ ಒಂದು ಫ್ರೆಟ್ ಮುಂದೆ ಜಾರಿಸು. 13ರಲ್ಲಿ ಎಫ್ ಸಿಕ್ಕಿತು. ವಾಪಸು 12ಕ್ಕೆ ಬಂದು ಎರಡನೇ ತಂತಿ, ಮೂರನೇ ತಂತಿ ಮೀಟು. ಸಿ, ಎ. ಎಫ್ ಕಾರ್ಡಿನ ಮೂರೂ ಸ್ವರ ಒಂದು ಅಂಗುಲದೊಳಗೇ ಇವೆ ನೋಡು! ಜಿ7 ಕಾರ್ಡ್ (ಜಿ-ಬಿ-ಡಿ-ಎಫ್) ಬಂದಾಗ ಮತ್ತೆ 13ರ ಎಫ್ ನುಡಿಸು, ಅದು ಜಿ7ರಲ್ಲೂ ಇದೆ. ನಂತರ ಎರಡನೇ ತಂತಿಯಲ್ಲಿ 11ಕ್ಕೆ ಇಳಿದರೆ ಬಿ. ಸಿ ಕಾರ್ಡ್ ಬರುವಾಗ ಆ ಬಿ ಅನ್ನು ಮೆಲ್ಲಗೆ 12ಕ್ಕೆ ಜಾರಿಸು. ಮನೆ ಸೇರಿದ ಹಾಗಾಗುತ್ತದೆ. ಸ್ಟೀಲ್ ಗಿಟಾರಿನ ಸೊಗಸು ಈ ಅರ್ಧ ಅಂಗುಲದ ಜಾರಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಇಷ್ಟು ಕೈಗೆ ಕೂತ ಮೇಲೆ 7ನೇ ಫ್ರೆಟ್ಟಿನ ತೆಳು ತಂತಿಗಳು ಮೂರನ್ನು ಸಿ ಕಾರ್ಡಿನ ಮೇಲೆ ನುಡಿಸಿ ನೋಡು. ಬಿ, ಜಿ, ಇ. ಅದು ಇ ಮೈನರ್ ಕಾರ್ಡ್, ಆದರೆ ಕೆಳಗೆ ಸಿ ಇದ್ದಾಗ ಸಿ ಮೇಜರ್ 7 ಆಗಿ ಕೇಳುತ್ತದೆ.

ಇನ್ನೊಂದು ಮಾತು. ಸಿ-ಇ-ಜಿ-ಸಿ ಅಂತ ಏರುವಾಗ ನಡುವಿನ ಎ ತಂತಿ ಸುಮ್ನೆ ಗುಂಯ್ ಅನ್ನುತ್ತಿದೆ. ಬಲ ಅಂಗೈಯ ಅಂಚು ತಂತಿಗೆ ತಾಗುತ್ತಾ ಇರಲಿ. ಎಡಗೈಯ ಉಳಿದ ಬೆರಳುಗಳು ಬಾರಿನ ಹಿಂದೆ ಮಲಗಲಿ, ಎತ್ತಬೇಡ.

ಸ್ಟೀಲ್ ಗಿಟಾರ್ ವಾದಕ ಜೆರ್ರಿ ಬರ್ಡ್ ನುಡಿಸಿದ್ದನ್ನು ಹುಡುಕಿ ಕೇಳು. ಅಮೆರಿಕದ ಒಹಾಯೊದಲ್ಲಿ ಹುಟ್ಟಿ, ನ್ಯಾಶ್‌ವಿಲ್ಲಿನಲ್ಲಿ ಹೆಸರು ಮಾಡಿ, ಆಮೇಲೆ ಹವಾಯಿಗೆ ಹೋಗಿ ನೆಲೆಸಿದವರು. ನಿನ್ನ ಸಿ6 ಶ್ರುತಿ ಇಷ್ಟು ಹಬ್ಬಿದ್ದರಲ್ಲಿ ಅವರ ಪಾಲು ದೊಡ್ಡದು. ಒಂದು ಸಾಲು ಕೇಳು, ನಿಲ್ಲಿಸು, ಬಾಯಲ್ಲಿ ಹಾಡು, ಆಮೇಲೆ ತಂತಿ ಮುಟ್ಟು. ಹಾಡಲು ಬಾರದ ಸಾಲನ್ನು ನುಡಿಸಲು ಹೋಗಬೇಡ.

ಒಂದು ವಾರ 7, 11, 12, 13 ಈ ನಾಲ್ಕು ಫ್ರೆಟ್ ಬಿಟ್ಟು ಎಲ್ಲೂ ಹೋಗದೆ ನುಡಿಸಿ ಮತ್ತೆ ಕಳಿಸು. ಯುಗಾದಿಗೆ ಬಂದಾಗ ನನ್ನ ಭಾರದ ಬಾರ್ ಕೊಡುತ್ತೇನೆ, ನಿನಗೇ ಅಂತ ಎತ್ತಿಟ್ಟಿದ್ದೇನೆ.

ನಿನ್ನ ಪ್ರೀತಿಯ
ಮಾವ