ಶಂಖದೊಳಗೆ ಏನಿತ್ತು?

ಮಾನ್ಯರೆ,

ಶ್ರಾವಣ ಶನಿವಾರ ನಮ್ಮ ಗಂಗಾವತಿಯ ಮನೆ ಬಾಗಿಲಿಗೆ ದಾಸಯ್ಯ ಬಂದು ಶಂಖ ಊದಿದ. ಮೊಮ್ಮಗಳು, ‘ತಾತ, ಅದರೊಳಗೆ ಮೊದಲು ಏನಿತ್ತು?’ ಎಂದಳು. ‘ಶಂಖದಿಂದ ಬಂದರೇ ತೀರ್ಥ’ ಅನ್ನುವ ನಾವು, ಶಂಖ ಎಲ್ಲಿಂದ ಬಂತು ಅಂತ ಕೇಳೋದೇ ಇಲ್ಲ, ಅಲ್ವಾ?

ಅದರೊಳಗಿದ್ದದ್ದು ಬೇಟೆಯಾಡುವ ಕಡಲ ಬಸವನಹುಳು. ಮರಳಿನಲ್ಲಿ ಹುದುಗಿರುವ ಹುಳುಗಳನ್ನು ಹಿಡಿದು ತಿನ್ನುತ್ತದೆ. ಪೂಜೆಯ ಶಂಖ ಮಾಂಸಾಹಾರಿ ಅಂದಾಗ ನಮ್ಮಾಕೆ ನನ್ನನ್ನು ದುರುಗುಟ್ಟಿ ನೋಡಿದಳು!

ತಮಿಳುನಾಡಿನ ತೂತ್ತುಕುಡಿ ಕಡೆಯ ಪರವರ್ ಎಂಬ ಮೀನುಗಾರ ಸಮುದಾಯದವರು ತಲೆಮಾರುಗಳಿಂದ ಉಸಿರು ಬಿಗಿಹಿಡಿದು ಮುಳುಗಿ ಇದನ್ನು ಹೆಕ್ಕಿ ತಂದವರು. ಅಲ್ಲಿಂದ ಚಿಪ್ಪು ಬಂಗಾಳಕ್ಕೆ ಹೋಗಿ, ಮುತ್ತೈದೆಯರ ಬಿಳಿ ಬಳೆಯಾಗುತ್ತದೆ. ಈ ಕಸುಬು ಇಂದು ನಿನ್ನೆಯದಲ್ಲ. ಗುಜರಾತಿನ ಕಡಲ ಅಂಚಿನ ನಾಗೇಶ್ವರದಲ್ಲಿ ಸುಮಾರು 4,500 ವರ್ಷಗಳ ಹಿಂದೆ, ಹರಪ್ಪ ಕಾಲದ ಜನ ಇದೇ ಶಂಖ ಕೊಯ್ದು ಬಳೆ ಮಾಡುತ್ತಿದ್ದರು.

ಇನ್ನೊಂದು ಮಾತು. ನಿಜವಾದ ಬಲಮುರಿ ಶಂಖ, ಅಂದರೆ ಮಾಮೂಲಿ ಶಂಖಕ್ಕೆ ತದ್ವಿರುದ್ಧ ದಿಕ್ಕಿಗೆ ಸುರುಳಿ ಸುತ್ತಿದ್ದು, ತೀರಾ ಅಪರೂಪ. ಆದರೆ ಜಾತ್ರೆಯಲ್ಲಿ ಒಬ್ಬ ನನಗೂ ಅದನ್ನು ಸಲೀಸಾಗಿ ಮಾರಿದ! ಅಮೆರಿಕದ ಕಡಲಿನ ಬೇರೆ ಜಾತಿಯೊಂದರ ಚಿಪ್ಪು ಹುಟ್ಟುವುದೇ ಹಾಗೆ ತಿರುಗಿಕೊಂಡು. ಅದನ್ನೇ ಬಲಮುರಿ ಅಂತ ಮಾರುವವರು ಜಾಸ್ತಿ. ದುಡ್ಡು ಕೊಡುವ ಮುಂಚೆ ತಿಳಿದವರಿಗೆ ತೋರಿಸಿ.

ಕಡಲು ಕಾಣದ ನಮ್ಮ ಕೊಪ್ಪಳ, ರಾಯಚೂರು ಕಡೆಯ ಮಕ್ಕಳಿಗಾಗಿ ನಿಮ್ಮ ಪುಟದಲ್ಲಿ ಈ ಹುಳುವಿನ ಚಿತ್ರವೊಂದನ್ನು ಹಾಕಿ. ಚಿಪ್ಪಿನದಲ್ಲ, ಜೀವ ಇರುವಾಗಿನದು. ಮೊಮ್ಮಗಳು ದಿನಾ ಕೇಳುತ್ತಿದ್ದಾಳೆ.

– ಒಬ್ಬ ಓದುಗ, ಗಂಗಾವತಿ