ಬೇಗ ಹೋದ ಗೆಳೆಯನಿಗಾಗಿ

ನವೆಂಬರ್ 2 ನಮ್ಮ ಕಥೋಲಿಕರಿಗೆ ಅಗಲಿದವರನ್ನು ನೆನೆಯುವ ದಿನ. ತಿಂಗಳಿಡೀ ಅವರಿಗಾಗಿ ಪ್ರಾರ್ಥಿಸುತ್ತೇವೆ. ಅಜ್ಜ, ಅಜ್ಜಿ, ದೊಡ್ಡಪ್ಪನ ಹೆಸರುಗಳ ಜೊತೆಗೆ ಈ ವರ್ಷ ನನ್ನ ಕಾಲೇಜಿನ ಗೆಳೆಯನ ಹೆಸರೂ ಸೇರಿತು. ಅವನಿಗಿನ್ನೂ 34.

ಲ್ಯಾಬಿನಲ್ಲಿ ನಾವಿಬ್ಬರೂ ಒಂದೇ ಮೇಜು. ಪರೀಕ್ಷೆ ಬಂತೆಂದರೆ ಪ್ರಾರ್ಥನೆ ಮಾಡಲು ನನ್ನ ರೋಲ್ ನಂಬರ್ ಬರೆದುಕೊಂಡು ಹೋಗುತ್ತಿದ್ದ. "ದೇವರಿಗೆ ರೋಲ್ ನಂಬರ್ ಯಾಕೋ?" ಅಂದರೆ, "ದೇವರಿಗಲ್ಲ ಕಣೋ, ನನಗೆ. ಸುಮ್ನೆ ಎಲ್ಲರಿಗೂ ಒಳ್ಳೇದಾಗಲಿ ಅಂದ್ರೆ ನನಗೆ ಮನಸ್ಸು ನಿಲ್ಲಲ್ಲ" ಅನ್ನುತ್ತಿದ್ದ. ಒಬ್ಬರಿಗಾಗಿ ಪ್ರಾರ್ಥಿಸುವಾಗ ಅವರನ್ನೇ ಕಣ್ಣ ಮುಂದೆ ತಂದುಕೊಳ್ಳಬೇಕು ಅನ್ನುವುದು ಅವನ ಹಟ. ಈಗ ನಾನು ಅವನಿಗಾಗಿ ಹಾಗೇ ಮಾಡುತ್ತೇನೆ.

ಅವನ ಮಣ್ಣಿಗೆ ಹೋಗಲಾಗಲಿಲ್ಲ. ದೂರದಲ್ಲಿರುವ ನಮ್ಮಲ್ಲಿ ಹಲವರ ಪಾಡು ಇದೇ ಅಲ್ವಾ? ಪೆಟ್ಟಿಗೆ ಇಳಿಸುವುದನ್ನು ಫೋನಿನಲ್ಲಿ ನೋಡಿದೆ. ಆಮೇಲೆ ಸಮಾಧಾನದ ಮಾತುಗಳು ಬಂದವು. "ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ" ಎಂದವರೇ ಜಾಸ್ತಿ. ಅವರ ಪ್ರೀತಿ ದೊಡ್ಡದು, ಆದರೆ ಆ ಮಾತನ್ನು ನಾನು ಒಪ್ಪಲಾರೆ. ಬೈಬಲ್ ಸಾವನ್ನು ಹಾಗೆ ಚಂದ ಮಾಡಿ ತೋರಿಸುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ಅದನ್ನು ಕೊನೆಯ ಶತ್ರು ಎಂದೇ ಕರೆದಿದ್ದಾರೆ.

ಈ ದಿನಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಬೈಬಲಿನಲ್ಲಿರುವ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ. ಯೇಸು ಬರುವಷ್ಟರಲ್ಲಿ ಅವರ ಗೆಳೆಯ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿದೆ. ಅವನ ಸಹೋದರಿಯರಾದ ಮಾರ್ತ ಮತ್ತು ಮರಿಯ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ನೀವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಯೇಸು ಇಬ್ಬರನ್ನೂ ಗದರಿಸಲಿಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು, ಕಣ್ಣೀರಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಸಾವಿನಿಂದ ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತರು! ಅಂದ ಮೇಲೆ ಅಳುವವರಿಗೆ ನಂಬಿಕೆ ಕಮ್ಮಿ ಎಂದು ಯಾರೂ ಹೇಳಬಾರದು. ಪೌಲರೂ ಥೆಸಲೋನಿಕದವರಿಗೆ ಅಳಲೇಬೇಡಿ ಎಂದು ಬರೆಯಲಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಎಂದರು, ಅಷ್ಟೇ.

ಸುಮಾರು 1600 ವರ್ಷಗಳ ಹಿಂದಿನ ಕ್ರೈಸ್ತ ಚಿಂತಕ ಸಂತ ಅಗಸ್ಟೀನರ ಗೆಳೆಯನೂ ಚಿಕ್ಕ ವಯಸ್ಸಿನಲ್ಲೇ ಜ್ವರದಿಂದ ತೀರಿಕೊಂಡಿದ್ದ. ಕಣ್ಣು ಎಲ್ಲೆಲ್ಲೂ ಅವನನ್ನೇ ಹುಡುಕುತ್ತಿತ್ತೆಂದು ಅವರು ಊರನ್ನೇ ಬಿಟ್ಟು ಉತ್ತರ ಆಫ್ರಿಕಾದ ಕಾರ್ತೇಜ್ ನಗರಕ್ಕೆ ಹೋದರು. ಇಪ್ಪತ್ತು ವರ್ಷ ಕಳೆದು, ಬಿಷಪರಾದ ಮೇಲೂ ಆ ನೋವನ್ನು ಬಿಡಿಸಿ ಬರೆದರು.

ಪ್ರತಿ ಭಾನುವಾರ ಪೂಜೆಯಲ್ಲಿ, ಸತ್ತವರು ಮತ್ತೆ ಎದ್ದು ಬರುವುದನ್ನು ನಂಬುತ್ತೇವೆ ಎಂದು ಎಲ್ಲರ ಜೊತೆ ಹೇಳುತ್ತೇನೆ. ಮೊದಲು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದೆ. ಈಗ ಅದರಲ್ಲಿ ಅವನಿದ್ದಾನೆ, ಅವನ ಒಡಕು ದನಿಯ ನಗು ಸಮೇತ.

ಅವನ ಅಮ್ಮನಿಗೆ ಆಗಾಗ ಫೋನ್ ಮಾಡುತ್ತೇನೆ. ಅವನ ವಿಷಯ ಎತ್ತಿದರೆ ನೋವಾದೀತೆಂದು ಬಂದವರೆಲ್ಲ ಬೇರೇನೋ ಮಾತಾಡಿ ಹೋಗುತ್ತಾರಂತೆ. "ಅವನ ಕಾಲೇಜಿನ ಕಥೆ ಏನಾದ್ರೂ ಹೇಳಪ್ಪಾ" ಎಂದು ಅವರೇ ಕೇಳುತ್ತಾರೆ. ಹೇಳುತ್ತೇನೆ, ಇಬ್ಬರೂ ಅಳುತ್ತೇವೆ, ನಗುವುದೂ ಉಂಟು.

ಹೀಗೆ ಬೇಗ ಹೋದ ಗೆಳೆಯರು, ಗೆಳತಿಯರು ನಿಮಗೂ ಇದ್ದರೆ ಅವರ ಬಗ್ಗೆ ಒಂದು ಪುಟ ಬರೆದು ಕಳಿಸಿ. ನಿಮ್ಮ ಧರ್ಮ ಯಾವುದಾದರೂ ಸರಿ. ನಮ್ಮ ಪತ್ರಿಕೆಯ ಡಿಸೆಂಬರ್ ಸಂಚಿಕೆಯಲ್ಲಿ ಅದಕ್ಕೆಂದೇ ಜಾಗ ಇಟ್ಟಿದ್ದೇನೆ.