ಅಡಿಕೆ ಮರ ಕಡಿಯುವ ಮೊದಲು

ಪೆರ್ಲ, ಕಾಸರಗೋಡು

ಪ್ರೀತಿಯ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ನೀನು ಸಾಫ್ಟ್‌ವೇರ್ ಸಹವಾಸವೇ ಬೇಡವೆಂದು, ಸಾಲ ಮಾಡಿ ಯಾವುದೋ ಹೊಸ ಕೋರ್ಸಿಗೆ ಸೇರಲು ಹೊರಟಿದ್ದೀಯಂತೆ. ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಜನವರಿಯಲ್ಲಿ ಒಂದು ಕೆಲಸ ಹೋಯಿತು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸೇರಿದ ಇನ್ನೊಂದು ಕಂಪನಿ ದೀಪಾವಳಿಗೆ ಮೊದಲೇ ಬಾಗಿಲು ಹಾಕಿತು. ಸಿಟ್ಟು ಬಾರದಿದ್ದರೆ ನೀನು ನಮ್ಮ ಮನೆಯವಳೇ ಅಲ್ಲ. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನೀನು ಚಿಕ್ಕವಳಿದ್ದಾಗ ಈ ಊರಿನಲ್ಲಿ ನಡೆದ ವೆನಿಲ್ಲಾ ಗಲಾಟೆ ನಿನಗೆ ನೆನಪಿರಲಾರದು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ನೆಲಕಚ್ಚಿತು. ಮುಂದಿನ ಎರಡು ಮೂರು ವರ್ಷ ಇಲ್ಲಿ ವೆನಿಲ್ಲಾ ಬಳ್ಳಿಯ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಕಳ್ಳರ ಕಾಟಕ್ಕೆ ತೋಟದಲ್ಲೇ ಮಲಗಿದವರಿದ್ದರು. ಅದು ಸುಲಭದ ಬೆಳೆಯೂ ಅಲ್ಲ. ಬೆಳಗ್ಗೆ ಅರಳಿದ ಹೂ ಮಧ್ಯಾಹ್ನಕ್ಕೆ ಬಾಡುತ್ತದೆ, ಪರಾಗ ಮುಟ್ಟಿಸುವ ಜೇನು ನಮ್ಮಲ್ಲಿಲ್ಲ. ಹಿಡಿಸೂಡಿಯ, ಎಂದರೆ ಪೊರಕೆಯ, ಕಡ್ಡಿಯನ್ನು ಚೂಪಾಗಿ ಕೆತ್ತಿ, ಹೂವಿನೊಳಗಿನ ತೆಳು ಪೊರೆಯನ್ನು ಅದರಿಂದ ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಬೇಕು. ಒಂದೊಂದು ಹೂವಿಗೂ ಇದೇ ಸೇವೆ. ಕೋಡು ಬಲಿಯಲು ಮತ್ತೆ ಎಂಟೊಂಬತ್ತು ತಿಂಗಳು. ಪಾಠ ಹೇಳಲು ಶಾಲೆಗೆ ಹೊರಡುವ ಮೊದಲು ನಾನೂ ಕಡ್ಡಿ ಹಿಡಿದು ನಿಲ್ಲುತ್ತಿದ್ದೆ.

2004ರಲ್ಲಿ ಬೆಲೆ ಕುಸಿಯಿತು. ಹೇಗೆಂದರೆ, ಕೋಡನ್ನು ಮಾರಲು ಹೋದವರು ಹಾಗೆಯೇ ಮನೆಗೆ ತಂದರು. ನಿನ್ನ ದೊಡ್ಡಪ್ಪ ಬಳ್ಳಿಯನ್ನು ಅಡಿಕೆಯ ನಡುವೆ, ಗ್ಲಿರಿಸಿಡಿಯಾ ಎಂಬ ಗೊಬ್ಬರದ ಗಿಡದ ಗೂಟಗಳಿಗೆ ಹಬ್ಬಿಸಿದ್ದರು. ನಮಗೆ ಹೋದದ್ದು ಬಳ್ಳಿ ಮಾತ್ರ. ಅಡಿಕೆ ಕಡಿದು ಜಾಗ ಮಾಡಿದವರು ಮತ್ತೆ ಸಸಿ ನೆಟ್ಟು, ಫಸಲು ಕಾಣಲು ಐದಾರು ವರ್ಷ ಕಾಯಬೇಕಾಯಿತು. ಇನ್ನೊಂದು ವಿಷಯ ಚೆನ್ನಾಗಿ ಗಮನಿಸು: ಆ ಗಲಾಟೆಯಲ್ಲಿ ನಿಜವಾಗಿ ದುಡ್ಡು ಮಾಡಿದವರು ಕೋಡು ಬೆಳೆದವರಿಗಿಂತ ಹೆಚ್ಚಾಗಿ ನೆಡಲು ಬಳ್ಳಿಯ ತುಂಡು ಮಾರಿದವರು. ನಿನ್ನ ಕೋರ್ಸಿನ ಜಾಹೀರಾತನ್ನು ಅಮ್ಮ ನನಗೆ ಕಳುಹಿಸಿದ್ದಾಳೆ. ‘ಕೆಲಸ ಖಚಿತ’ ಎಂದು ದಪ್ಪ ಅಕ್ಷರದಲ್ಲಿದೆ. ಅವರು ಮಾರುತ್ತಿರುವುದು ಬಳ್ಳಿಯ ತುಂಡು, ಮಗಳೇ.

ಹಾಗೆಂದು ಹೊಸದನ್ನು ಮುಟ್ಟಲೇಬೇಡ ಎನ್ನುವ ಮುದುಕಿಯಲ್ಲ ನಾನು. ಕೋಕೋ ಕೂಡ ಒಮ್ಮೆ ಇಲ್ಲಿ ಹೊಸ ಬೆಳೆಯೇ, ಅದರ ಕಥೆ ಇದಕ್ಕೆ ತದ್ವಿರುದ್ಧ. 1980ರ ಸುಮಾರಿಗೆ ಕೊಳ್ಳುವವರು ಹಿಂದೆ ಸರಿದಾಗ ಬೇಸತ್ತು ಗಿಡ ಕಡಿದವರು ಎಷ್ಟೋ ಮಂದಿ. ಆಮೇಲೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಬಂತು. ಕಡಿಯದೆ ಉಳಿಸಿಕೊಂಡವರ ಕೈಯಲ್ಲಿ ಮಾರಲು ಕಾಯಿ ಇತ್ತು.

ನಿನ್ನ ಅಡಿಕೆ ಯಾವುದು? ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದು ಎಲ್ಲಿ ಹೇಗೆ ಕೆಡುತ್ತದೆಂದು ಅರ್ಥವಾಗುವಂತೆ ಬರೆದುಕೊಡುವ ಕೆಲಸ. ಎಷ್ಟೋ ವರ್ಷ ಮಾಡಿದ್ದೀಯ. ಮತ್ತೊಂದು, ನೀನು ಲೆಕ್ಕಕ್ಕೇ ಹಿಡಿಯದ್ದು: ಕನ್ನಡ, ಮಲಯಾಳ, ತುಳು, ಇಂಗ್ಲಿಷ್. ಈ ಊರಿನಲ್ಲಿ ಹುಟ್ಟಿದವರಿಗೆ ಅದು ನೀರು ಕುಡಿದಷ್ಟು ಸಲೀಸು, ಆದ್ದರಿಂದ ಬೆಲೆ ಗೊತ್ತಿಲ್ಲ. ಕಳೆದ ತಿಂಗಳು ಯಾರದೋ ಆಸ್ಪತ್ರೆಯ ಆ್ಯಪಿನಲ್ಲಿರುವ ಮಲಯಾಳ ಬರಹವನ್ನು ಕನ್ನಡಕ್ಕೆ ತಂದುಕೊಟ್ಟೆಯಲ್ಲ, ಅದರಲ್ಲಿ ‘ಖಾಲಿ ಹೊಟ್ಟೆಯಲ್ಲಿ’ ಎಂಬ ಸೂಚನೆ ಬಟನ್ನಿನ ಹಿಂದೆ ಮರೆಯಾಗುತ್ತಿದೆ ಎಂದು ತೋರಿಸಿದವಳು ನೀನೇ. ಬರೀ ಅನುವಾದಕಿಗೆ ಅದು ಕಾಣುತ್ತಿರಲಿಲ್ಲ, ಬರೀ ಪ್ರೋಗ್ರಾಮಿನ ತಪ್ಪು ಹುಡುಕುವವಳಿಗೆ ಆ ಸಾಲು ಓದಲು ಬರುತ್ತಿರಲಿಲ್ಲ. ನಿನ್ನ ಹೊಸ ಕಸುಬು ಅಲ್ಲಿಯೇ ಚಿಗುರಿದೆ. ಇನ್ನೆರಡು ಅಂಥ ಕೆಲಸ ಹುಡುಕು, ದುಡ್ಡು ಕೇಳಿ ಪಡೆ. ಕೋರ್ಸು ಬೇಕೆನಿಸಿದರೆ ಆಮೇಲೆ, ಕೈಯಲ್ಲಿರುವ ಹಣದಿಂದ.

ಪಿಎಫ್ ಹಣ ತೆಗೆಯಬೇಡ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಹೊಸ ಕೆಲಸ ಸಿಕ್ಕಾಗ ಅಲ್ಲಿಗೆ ವರ್ಗಾಯಿಸಿಕೋ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗಿರುತ್ತದೆ, ನಿನ್ನ ಹೆಸರಿನಲ್ಲಿ ಒಂದು ಮಾಡಿಸು. ಇದನ್ನು ತಡ ಮಾಡಬೇಡ. ನಿನ್ನ ಅಪ್ಪ ಹೇಳುತ್ತಿರುವ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗ) ಪರೀಕ್ಷೆಗೂ ಅರ್ಜಿ ಹಾಕು. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ನಮ್ಮ ಜಿಲ್ಲೆಯಲ್ಲಿ ಗುಮಾಸ್ತ ಹುದ್ದೆಗಳಿವೆ, 36 ವರ್ಷ ವಯಸ್ಸಿನ ವರೆಗೆ ಅವಕಾಶವಿದೆ. ಅದನ್ನೇ ನಂಬಿ ಕೂರಬೇಡ, ರ‍್ಯಾಂಕ್ ಪಟ್ಟಿಗೆ ಕಾಯುತ್ತಾ ಕೂದಲು ನರೆತವರನ್ನು ನಾನು ಕಂಡಿದ್ದೇನೆ.

ಸಂದರ್ಶನದಲ್ಲಿ ಈ ವರ್ಷದ ಬಗ್ಗೆ ಕೇಳಿದರೆ ಎರಡು ವಾಕ್ಯದಲ್ಲಿ ನಡೆದದ್ದನ್ನು ಹೇಳಿ ನಿಲ್ಲಿಸು. ಹಳೆಯ ಕಂಪನಿಯನ್ನು ಬೈಯಬೇಡ, ನಿನ್ನನ್ನೂ ಬೈದುಕೊಳ್ಳಬೇಡ. ಮದುವೆ ಮನೆಗಳಲ್ಲಿ ‘ಈಗ ಎಲ್ಲಿ ಕೆಲಸ?’ ಎಂದು ಕೇಳುವವರಿಗೆ ಅಷ್ಟು ವಿವರವೂ ಬೇಡ, ‘ಮನೆಯಿಂದಲೇ’ ಎಂದರೆ ಸಾಕು. ಅವರ ಕಣ್ಣು ಹೇಗೂ ಊಟದ ಪಂಕ್ತಿಯ ಮೇಲಿರುತ್ತದೆ. ಅಪ್ಪ ನಿನ್ನ ಮದುವೆಯ ಮಾತು ಎತ್ತಿದರೆ ನನ್ನ ಹತ್ತಿರ ಕಳುಹಿಸು.

ಶನಿವಾರ ಬಾ. ಬರುವಾಗ ಆ ಕೋರ್ಸಿನ ಕರಾರು ಪತ್ರ, ಸಾಲದ ಕಾಗದ ಎರಡನ್ನೂ ತೆಗೆದುಕೊಂಡು ಬಾ. ಸಣ್ಣ ಅಕ್ಷರದಲ್ಲಿರುವುದನ್ನು ಮೊದಲು ಓದೋಣ. ಸಹಿ ಮಾತ್ರ ಅಲ್ಲಿಯವರೆಗೆ ಹಾಕಬೇಡ.

ಇತಿ,
ನಿನ್ನ ದೊಡ್ಡಮ್ಮ